ಗೆರೆ ದಾಟಿದ ಸೀಸ

ಚಿಮಣಿಯ ಬೆನ್ನಿಗೆ ಬಳಿದಿದ್ದ ಸಿಲಿಕೋನ್ ಗೋಂದನ್ನು ಜಾಸ್ ಹೋಲ್ಟ್ ಉಳಿ ಹಾಕಿ ಎಬ್ಬಿಸಿದಾಗ ಅದು ಸತ್ತ ಹಾವಿನ ಹಾಗೆ ಉದ್ದಕ್ಕೆ ಕಿತ್ತುಕೊಂಡು ಕೈಗೆ ಬಂತು. ಅವನು ಅದನ್ನು ಒಂದು ಗಳಿಗೆ ನೋಡಿದ, ಬಾಯಿಗೆ ಬಂದದ್ದು ಬೈದ, ಚಿಮಣಿಯ ಸುತ್ತ ಹಲಗೆ ಹಾಕಿ ಕಟ್ಟಿದ ಸಾರುವೆಯ ಮೇಲಿಂದ ಹಿತ್ತಿಲಿಗೆ ಎಸೆದ. ಕೆಳಗೆ ಹಗ್ಗ ಸುತ್ತುತ್ತಿದ್ದ ಗೆಳೆಯ ತಾಹಿರ್ ಪಕ್ಕಕ್ಕೆ ಹಾರಿಕೊಂಡ.

"ಲೋ, ಕೆಳಗೆ ಮನುಷ್ಯ ಇದಾನೆ ಕಣೋ."

"ಅದನ್ನ ಎತ್ತಿಟ್ಟಿರು. ಕ್ರಾಬ್‌ಟ್ರೀ ಸಿಕ್ಕಾಗ ಬಾಯಿಗೆ ತುರುಕೋಣ."

ಗುಡ್ಡಗಳ ನಡುವಿನ ಬೇಕಪ್ ಊರಿನಲ್ಲಿ ಮಳೆ ಬಂತು ಅನ್ನುವುದು ಯಾರಿಗೂ ಸುದ್ದಿಯಲ್ಲ. ಗುಡ್ಡದ ಮೇಲಿನ ಬಯಲಿನಿಂದ ಅದು ಅಡ್ಡಡ್ಡಲಾಗಿ ಬೀಸಿಕೊಂಡು ಬರುತ್ತದೆ, ಸಾಲುಮನೆಗಳ ಕಲ್ಲುಹೆಂಚಿಗೆ ಬಡಿಯುತ್ತದೆ, ಹರಿದುಹೋಗುತ್ತದೆ. ಹೆಂಚು ಸೋರುವುದು ಅಪರೂಪ. ಸೋರುವುದು ಹೆಂಚು ಹೋಗಿ ಚಿಮಣಿಯ ಗೋಡೆಗೆ ತಗಲುವ ಸಂದು. ಆ ಸಂದಿಗೆ ಸೀಸದ ಹಾಳೆಯನ್ನು ಬಡಿದು ಕೂರಿಸಬೇಕು, ಒಂದಂಚು ಹೆಂಚಿನಡಿಗೆ, ಇನ್ನೊಂದಂಚು ಕಲ್ಲಿನ ನಡುವಿನ ಗಾರೆಯೊಳಕ್ಕೆ. ಸರಿಯಾಗಿ ಕೂತ ಸೀಸ ಮನೆ ಕಟ್ಟಿದವನಿಗಿಂತ, ಅವನ ಮಕ್ಕಳಿಗಿಂತ ಹೆಚ್ಚು ಬಾಳುತ್ತದೆ. ಸಿಲಿಕೋನ್ ಬಾಳುವುದು ಬಿಲ್ಲು ಕೈಗೆ ಬರುವವರೆಗೆ.

ಇದೇ ಮಾತನ್ನು ಒಬ್ಬ ಗಿರಾಕಿಯ ಮುಂದೆ ಆಡಿದ್ದಕ್ಕೇ ಬ್ಯಾರಿ ಕ್ರಾಬ್‌ಟ್ರೀ ಜಾಸ್‌ನನ್ನು ಕೆಲಸದಿಂದ ಓಡಿಸಿದ್ದ. ಬರಿದೇ ಓಡಿಸಿರಲಿಲ್ಲ. ವ್ಯಾನಿನ ಪಕ್ಕದಲ್ಲಿ ನಿಂತು, ಉಳಿದ ಕೆಲಸಗಾರರೆಲ್ಲ ಕೇಳುವ ಹಾಗೆ ಹೇಳಿದ್ದ. "ಈ ಕಣಿವೆಲಿ ನಿಂಗೆ ಒಂದೇ ಒಂದು ಚಿಮಣಿ ಸಿಗಲ್ಲ ಮರಿ. ಸಿಕ್ಕರೂ ಅದು ಸೋರುತ್ತೆ. ಸೋರಿದ ಮೇಲೆ ಗೋದಾಮಲ್ಲಿ ಪೆಟ್ಟಿಗೆಗೆ ಟೇಪ್ ಅಂಟಿಸ್ತಾ ಕೂತ್ಕೋ. ಟೇಪ್ ಅಂಟಿಸೋಕೆ ನಾನೇ ಕಲಿಸಿದೀನಲ್ಲ."

ಆ ಒಂದೇ ಒಂದು ಚಿಮಣಿ ಇದು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಡೋರೀನ್ ನಟ್ಟಲ್, ಜಾಸ್‌ನ ತಾಯಿಯ ಗೆಳತಿ, ತಾನಾಗಿ ಕರೆದು ಕೊಟ್ಟದ್ದು. ಆಕೆಯ ಹಿಂದಿನ ಮಲಗುವ ಕೋಣೆಯ ಗೋಡೆ ವರ್ಷಗಳಿಂದ ಒದ್ದೆ. ಕ್ರಾಬ್‌ಟ್ರೀಯ ಆಳುಗಳು ಬಂದು ಗೋಂದು ಬಳಿದು ಹೋದಾಗಲೆಲ್ಲ ಒಂದು ತಿಂಗಳು ಒಣಗಿ ಮತ್ತೆ ಒದ್ದೆ. ಈ ಗೋಡೆ ಒಣಗಿ ನಿಂತರೆ ಜಾಸ್‌ಗೆ ಎರಡನೆಯ ಕರೆ ಬರುತ್ತದೆ. ಮತ್ತೆ ಒದ್ದೆಯಾದರೆ ಊರಿಗೆ ಊರೇ ಕ್ರಾಬ್‌ಟ್ರೀ ಹೇಳಿದ್ದು ನಿಜ ಅನ್ನುತ್ತದೆ. ಶಾಲೆ ಬಿಟ್ಟ ಹುಡುಗನಿಗೆ ಊರು ಎರಡನೆಯ ಅವಕಾಶ ಕೊಡುವುದಿಲ್ಲ. ಅದನ್ನು ಜಾಸ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತೊಂದರೆ ಏನೆಂದರೆ, ಚಿಮಣಿ ಒಂದೇ ಆದರೂ ಒಡೆಯರು ಇಬ್ಬರು. ಸಾಲುಮನೆಗಳಲ್ಲಿ ನಡುಗೋಡೆಯ ಮೇಲೆ ಎದ್ದ ಚಿಮಣಿ ಎರಡು ಮನೆಗೂ ಸೇರಿದ್ದು. ಅರ್ಧ ಡೋರೀನ್‌ಳದು, ಅರ್ಧ ಪಕ್ಕದ ಮನೆಯ ನೆವಿಲ್ ಆಶ್‌ವರ್ತ್‌ನದು. ನೆವಿಲ್ ಬಸ್ಸು ಓಡಿಸಿ ನಿವೃತ್ತನಾದವನು, ಹಿತ್ತಿಲಿನಲ್ಲಿ ಪಾರಿವಾಳ ಸಾಕಿದವನು. ಆ ಪಾರಿವಾಳ ಡೋರೀನ್ ಒಣಹಾಕಿದ ಬಿಳಿ ಹೊದಿಕೆಗಳ ಮೇಲೆ ಮಾಡಿದ ಕೆಲಸದಿಂದ ಶುರುವಾದ ಜಗಳ ಹಿತ್ತಿಲು ದಾಟಿ, ಗೋಡೆ ಹತ್ತಿ, ಚಿಮಣಿಗೆ ಏರಿತ್ತು. ನೆವಿಲ್ ತನ್ನ ಅರ್ಧಕ್ಕೆ ಕೆನೆ ಬಣ್ಣ ಬಳಿಸಿದ್ದ. ಗೆರೆ ಎಷ್ಟು ನೇರವೆಂದರೆ ಕೆಳಗಿನ ಬೀದಿಯಿಂದ ನೋಡಿದರೆ ಚಿಮಣಿಯನ್ನು ಯಾರೋ ಗರಗಸದಲ್ಲಿ ಸೀಳಿಟ್ಟ ಹಾಗೆ ಕಾಣುತ್ತಿತ್ತು.

ಗೋಂದು ಕಿತ್ತ ಜಾಗದಲ್ಲಿ ಜಾಸ್ ಬಗ್ಗಿ ನೋಡಿದ. ಚಿಮಣಿಯ ಬೆನ್ನಿಗೆ, ಇಳಿಜಾರಿನ ನೀರೆಲ್ಲ ಬಂದು ನಿಲ್ಲುವ ಕಡೆ, ಸೀಸದ ಒಂದು ಅಗಲ ಕಾಲುವೆ ಇರಬೇಕು. ಇತ್ತು. ಆದರೆ ಎರಡು ತುಂಡು. ಡೋರೀನ್‌ಳ ಕಡೆ ಕ್ರಾಬ್‌ಟ್ರೀ ಹಾಕಿದ ತೆಳು ಹೊಸ ಸೀಸ, ನೆವಿಲ್‌ನ ಕಡೆ ಕಾಲಕ್ಕೆ ಬೂದುಬಣ್ಣಕ್ಕೆ ತಿರುಗಿದ ದಪ್ಪ ಹಳೆ ಸೀಸ. ನಡುವೆ, ಬಣ್ಣದ ಗೆರೆಯ ನೇರಕ್ಕೆ ಸರಿಯಾಗಿ, ಒಂದು ಸೀಳು.

ಹಳೆ ಸೀಸದ ಮೇಲೆ ಏನೋ ಗೀರಿತ್ತು. ಬೆರಳಿಂದ ಪಾಚಿ ಉಜ್ಜಿದ. ಅರ್ಧ ಬೂಟು. ಹಿಮ್ಮಡಿಯ ಸುತ್ತು, ಅದರೊಳಗೆ ಒಂದು ಹೆಸರಿನ ಕೊನೆಯ ಅಕ್ಷರಗಳು. ಮುಂಗಾಲು ಇರಲಿಲ್ಲ.

ಸೀಸ ಬಡಿಯುವವರಲ್ಲಿ ಇದೊಂದು ಹಳೆಯ ರೂಢಿ. ಕೆಲಸ ಮುಗಿದ ಮೇಲೆ ಬೀದಿಗೆ ಕಾಣದ ಕಡೆ ಹಾಳೆಯ ಮೇಲೆ ಬೂಟಿಟ್ಟು, ಮೊಳೆಯಿಂದ ಸುತ್ತ ಗೀರಿ, ಒಳಗೆ ಹೆಸರು ಬರೆಯುವುದು. ಮನೆಯವರು ಅದನ್ನು ನೋಡುವುದಿಲ್ಲ. ಮುಂದೆಂದೋ ಮತ್ತೊಬ್ಬ ಸೀಸದವನು ಹತ್ತಿದಾಗ ಅವನೊಬ್ಬನಿಗೆ ಕಾಣುತ್ತದೆ. ಇಲ್ಲಿ ಯಾವನೋ ಅಜ್ಜನ ಕಾಲದವನು ಇಡೀ ಚಿಮಣಿಗೆ ಒಂದೇ ಹಾಳೆ ಬಡಿದು ನಡುಮಧ್ಯ ಬೂಟು ಬರೆದಿದ್ದ. ಆಮೇಲೆ ಬಂದವರು ಆ ಬೂಟನ್ನು ಗೆರೆಯ ಮೇಲೆ ಕತ್ತರಿಸಿ, ಮುಂಗಾಲನ್ನು ಗುಜರಿಗೆ ಹಾಕಿ, ಸೀಳಿಗೆ ಗೋಂದು ತುಂಬಿದ್ದರು.

ಜಾಸ್‌ಗೆ ಕಿವಿಯವರೆಗೆ ಬಿಸಿಯೇರಿತು. ಸತ್ತವನ ಕಾಲು ಕತ್ತರಿಸಿದ ಹಾಗೆ ಅನ್ನಿಸಿತು ಅವನಿಗೆ.

ಕೆಳಗಿಳಿದು ಬಂದು ಹೇಳಿದಾಗ ಡೋರೀನ್ ಸೊಂಟಕ್ಕೆ ಕೈ ಕೊಟ್ಟಳು. "ನಾನೇನ್ ಮಾಡ್ಲಿ ಮಗಾ. ಕ್ರಾಬ್‌ಟ್ರೀಯವರು ಹತ್ತಿದ ದಿನ ಪಕ್ಕದ್ಮನೆ ಯಪ್ಪ ಅಳತೆ ಟೇಪು ಹಿಡ್ಕೊಂಡು ಏಣಿ ಮೇಲೆ ನಿಂತಿದ್ದ. ನನ್ನರ್ಧಕ್ಕೆ ಒಂದು ಕೂದ್ಲು ಬಂದ್ರೂ ಕೋರ್ಟಿಗೆ ಹೋಗ್ತೀನಿ ಅಂದ. ಅವ್ರು ಗೆರೆ ಹಾಕಿ ಕತ್ತರಿಸಿದ್ರು."

"ನೀವು ಸುಮ್ನಿದ್ರಾ ಆಂಟಿ?"

"ಸುಮ್ನೆ ಯಾಕಿರ್ಲಿ? ಅವನ ಕಡೆ ಒಂದು ಕೂದ್ಲೂ ಹೋಗ್ಬಾರ್ದು ಅಂತ ನಾನೂ ಅಂದೆ."

ತಾಹಿರ್ ಮುಖ ಆಚೆ ತಿರುಗಿಸಿ ಕೆಮ್ಮಿದ.

ಒಂದೇ ಹಾಳೆ ಹಾಕದೆ ಈ ಮನೆ ಒಣಗುವುದಿಲ್ಲ. ಒಂದೇ ಹಾಳೆ ಹಾಕಲು ನೆವಿಲ್ ಹೂಂ ಅನ್ನಬೇಕು. ಜಾಸ್ ಪಕ್ಕದ ಬಾಗಿಲು ತಟ್ಟಿದ. ನೆವಿಲ್ ಬಾಗಿಲನ್ನು ಮುಖದಷ್ಟು ಮಾತ್ರ ತೆರೆದ.

"ಮಿಸ್ಟರ್ ಆಶ್‌ವರ್ತ್, ನಿಮ್ಮ ಕಡೆ ಸೀಸನೂ ತೆಗೀಬೇಕು. ಹೊಸ ಹಾಳೆ ನಾನೇ ಹಾಕ್ತೀನಿ, ನಿಮ್ಮತ್ರ ಒಂದು ಪೆನ್ನಿ ಕೇಳಲ್ಲ."

"ನನ್ನ ಕಡೆ ಸೀಸಕ್ಕೆ ಏನಾಗಿದೆ? ನನ್ನ ಮನೆ ಬಿಸ್ಕತ್ತಿನ ಹಾಗೆ ಒಣಗಿದೆ. ಸೋರೋದು ಅವಳ ಮನೆ. ಅವಳ ಸೋರಿಕೆ ಅವಳಿಗೆ."

"ಸೀಳು ನಡುವೆ ಇದೆ ಸಾರ್."

"ಹುಡುಗಾ, ನಿನ್ನ ಸಾರುವೆ ಹಲಗೆ ಒಂದು ಗೇಣು ಈ ಕಡೆ ಬಂದಿದೆ. ಮೊದಲು ಅದನ್ನ ಎಳ್ಕೋ."

ಬಾಗಿಲು ಮುಚ್ಚಿತು. ಜಾಸ್ ಅದಕ್ಕೆ ಒದೆಯಬೇಕೆಂದುಕೊಂಡ. ಕಾಲೂ ಎತ್ತಿದ್ದ. ತಾಹಿರ್ ಅವನ ತೋಳು ಹಿಡಿದ. "ಒದ್ದು ಒಳಗೆ ಹೋಗು, ನಾಳೆ ಕ್ರಾಬ್‌ಟ್ರೀ ನಿನ್ನ ಫೋಟೋ ಇಟ್ಟು ಪೂಜೆ ಮಾಡ್ತಾನೆ."

ಮರುದಿನ ಬೆಳಿಗ್ಗೆ ಜಾಸ್ ಸಾರುವೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ನೆವಿಲ್ ಹಿತ್ತಿಲಿಗೆ ಬಂದ. ಕೈಯಲ್ಲಿ ನೀಲಿ ಬಕೆಟ್. ಅತ್ತಿತ್ತ ನೋಡಿ ಮೋರಿಗೆ ಸುರಿದ. ಮೇಲೆ ನೋಡಿದವನು ಜಾಸ್‌ನ ಕಣ್ಣಿಗೆ ಸಿಕ್ಕಿಬಿದ್ದ.

"ಪಾರಿವಾಳದ ನೀರು," ಅಂದ, ಯಾರೂ ಕೇಳದೆ.

ನೀರು ಕಂದು ಬಣ್ಣಕ್ಕಿತ್ತು. ಮೋರಿಯ ಕಲ್ಲಿನ ಮೇಲೆ ಕಪ್ಪು ಮಸಿ ನಿಂತಿತ್ತು. ಮಸಿ ತೊಳೆದ ನೀರನ್ನು ಯಾವ ಪಾರಿವಾಳವೂ ಕುಡಿಯುವುದಿಲ್ಲ. ಅದು ಚಿಮಣಿಯೊಳಗಿಂದ ಇಳಿದು ಬಂದ ನೀರು. ಬಿಸ್ಕತ್ತಿನ ಹಾಗೆ ಒಣಗಿದ ಮನೆಯಿಂದ ದಿನಾ ಬೆಳಿಗ್ಗೆ ಒಂದು ಬಕೆಟ್. ಪಕ್ಕದವಳ ಎದುರು ಮಾನ ಹೋಗಬಾರದೆಂದು ಮುದುಕ ಕದ್ದು ಕದ್ದು ಸುರಿಯುತ್ತಿದ್ದಾನೆ. ಜಾಸ್‌ಗೆ ಮೊದಲು ಕೋಪ ಬಂತು, ಆಮೇಲೆ ಚಹಾ ಮೂಗಿಗೆ ಹತ್ತುವಷ್ಟು ನಗು ಬಂತು.

ಅವನು ಡೋರೀನ್‌ಳ ತೋಟದ ಪೈಪನ್ನು ಮೇಲಕ್ಕೆ ಎಳೆಸಿಕೊಂಡ. ಆಮೇಲೆ ಗೋಡೆಯಾಚೆಗೆ ಕೂಗಿದ.

"ಮಿಸ್ಟರ್ ಆಶ್‌ವರ್ತ್, ನೀವು ಹೇಳಿದ್ದು ಸರಿ. ಸೋರೋದು ಅವರ ಅರ್ಧವೇ. ಈಗ ಅವರ ಅರ್ಧಕ್ಕೆ ಮಾತ್ರ ನೀರು ಬಿಡ್ತೀನಿ. ನಿಮ್ಮ ಹಿಂದಿನ ಕೋಣೇಲಿ ಹೋಗಿ ನಿಂತ್ಕೊಳಿ. ನಿಮ್ಮ ಗೋಡೆ ಒಣಗೇ ಇದ್ರೆ ನಾನು ಸಾರುವೆ ಬಿಚ್ಕೊಂಡು ಹೋಗ್ತೀನಿ."

ಡೋರೀನ್ ಕೆಳಗಿಂದ ಅವನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದಳು. ನೆವಿಲ್ ಡೋರೀನ್‌ಳ ಕಡೆ ಕಣ್ಣು ಹಾಯಿಸಿದ. ಆಗುವುದಿಲ್ಲ ಅಂದರೆ ಅವಳು ಏನು ತಿಳಿದುಕೊಳ್ಳುತ್ತಾಳೋ ಅನ್ನುವ ಲೆಕ್ಕ ಅವನ ಮುಖದಲ್ಲೇ ಓಡುತ್ತಿತ್ತು. ಕೊನೆಗೆ ಒಳಗೆ ಹೋದ.

ಜಾಸ್ ಡೋರೀನ್‌ಳ ಅರ್ಧದ ಮೇಲೆ, ಗೆರೆಯಿಂದ ದೂರಕ್ಕೆ, ಪೈಪು ಹಿಡಿದ. ನೀರು ತೆಳು ಸೀಸದ ಮೇಲೆ ಹರಿದು ಸೀಳಿನತ್ತ ಹೋಯಿತು, ಅಲ್ಲಿ ಸದ್ದಿಲ್ಲದೆ ಮಾಯವಾಯಿತು. ಒಂದು ಹನಿಯೂ ನೆವಿಲ್‌ನ ಸೀಸಕ್ಕೆ ದಾಟಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಹಿಂದಿನ ಕಿಟಕಿ ಧಡಾರನೆ ತೆರೆದು ನೆವಿಲ್‌ನ ತಲೆ ಹೊರಬಂತು. ಕೂದಲು ಒದ್ದೆಯಾಗಿ ಹಣೆಗೆ ಅಂಟಿತ್ತು. ಗೋಡೆಯ ಹತ್ತಿರ ಕಿವಿಗೊಟ್ಟು ನಿಂತಿದ್ದನೇನೋ.

"ನಿಲ್ಸೋ. ನಿಲ್ಸು. ಆ ಹೆಂಗಸು ನನ್ನ ಮನೆಗೆ ನೀರು ಬಿಡ್ತಿದಾಳೆ."

"ಆರು ವರ್ಷದಿಂದ ನೀನು ನನ್ನ ಮನೆಗೆ ಬಿಡ್ತಿಲ್ವಾ?" ಡೋರೀನ್ ಕೆಳಗಿಂದ ಕೂಗಿದಳು. ಆಮೇಲೆ ಅವಳಿಗೆ ಹೊಳೆಯಿತು. "ತಡಿ, ನೆವಿಲ್. ನಿನ್ನ ಮನೇಲೂ ಸೋರ್ತಾ ಇತ್ತಾ?"

ನೆವಿಲ್ ಪಾರಿವಾಳದ ಗೂಡಿನ ಕಡೆ ನೋಡಿದ.

"ಎಷ್ಟು ದಿನದಿಂದ?"

"ನಿಮ್ಮಷ್ಟೇ ದಿನದಿಂದ," ಅಂದ ಜಾಸ್, ನಲ್ಲಿ ನಿಲ್ಲಿಸಲು ತಾಹಿರ್‌ಗೆ ಕೈ ಮಾಡುತ್ತ. "ಗೆರೆ ನಿಮ್ದು. ನೀರಿಗೆ ಗೆರೆ ಇಲ್ಲ. ಈಗ ಇಬ್ರೂ ಹೂಂ ಅಂದ್ರೆ ಸೀಸ ತರ್ತೀನಿ. ಇಲ್ಲಾಂದ್ರೆ ಎರಡು ಮನೆಗೂ ಒಂದೊಂದು ಬಕೆಟ್ ತಂದು ಕೊಡ್ತೀನಿ."

ನೆವಿಲ್ ಮುಖ ಒರೆಸಿಕೊಂಡ. "ನನ್ನ ಬಣ್ಣಕ್ಕೆ ಏನಾದ್ರೂ ಆಯ್ತೋ..."

"ನಿಮ್ಮ ಬಣ್ಣ ಮುಟ್ಟಲ್ಲ."

ತಲೆ ಒಳಗೆ ಹೋಯಿತು. ಕಿಟಕಿ ಮುಚ್ಚುವ ಮೊದಲು ಒಂದು ಮಾತು ಕೇಳಿಸಿತು. "ಹಾಕು ಹಾಗಾದ್ರೆ."

ಸೀಸದ ಹಾಳೆ ಬಂದ ದಿನ ಜಾಸ್‌ನ ಜೇಬು ಪೂರ್ತಿ ಬರಿದಾಯಿತು. ಎರಡನೆಯ ಹಾಳೆ ತರುವ ಮಾತಿರಲಿಲ್ಲ. ಶನಿವಾರ ದೊಡ್ಡ ಗಾಳಿಮಳೆ ಬರುತ್ತದೆಂದು ರೇಡಿಯೋ ಬೆಳಗಿನಿಂದ ಅರಚುತ್ತಿತ್ತು. ಅವನು ಡೋರೀನ್‌ಳ ಹಿತ್ತಿಲಿನಲ್ಲಿ ಒಂದು ಹಳೆ ಬಾಗಿಲನ್ನು ಮೇಜಿನ ಹಾಗೆ ಹಾಕಿ, ಚಿಮಣಿಯ ಬೆನ್ನಿನ ಅಳತೆಗೆ ಮರದ ಪೆಟ್ಟಿಗೆ ಹೊಡೆದು, ಅದರ ಮೇಲೆ ಹಾಳೆ ಹಾಸಿದ.

ಕಷ್ಟವಿರುವುದು ಮೂಲೆಗಳಲ್ಲಿ. ನೇರ ಮಡಿಸುವುದು ಯಾರಿಗೂ ಬರುತ್ತದೆ. ಚಿಮಣಿಯ ಮೂಲೆ ಸುತ್ತಿಕೊಂಡು ಪಕ್ಕಕ್ಕೆ ತಿರುಗುವ ಕಡೆ ಹಾಳೆ ಸಾಲದೆ ಬರುತ್ತದೆ. ಕತ್ತರಿಸಿ ಗ್ಯಾಸಿನಿಂದ ಬೆಸೆಯಬಹುದು, ಆದರೆ ಗ್ಯಾಸು ಕ್ರಾಬ್‌ಟ್ರೀಯದು, ಅದು ಅವನ ವ್ಯಾನಿನಲ್ಲೇ ಉಳಿದಿತ್ತು. ಇನ್ನೊಂದು ದಾರಿ ಎಂದರೆ ಮರದ ಕೊಡತಿಯಿಂದ ಬಡಿದು ಬಡಿದು ಪಕ್ಕದ ಸೀಸವನ್ನೇ ಮೂಲೆಯತ್ತ ಓಡಿಸಿಕೊಂಡು ಬರುವುದು. ಎಳೆದರೆ ತೆಳುವಾಗಿ ಹರಿಯುತ್ತದೆ. ತಳ್ಳಬೇಕು. ಕಲ್ಲಿದ್ದಲಿನ ಮೂಟೆಯ ಹಾಗೆ ತೂಗುವ ಲೋಹವನ್ನು ರೊಟ್ಟಿಯ ಹಿಟ್ಟಿನ ಹಾಗೆ ತಳ್ಳಬೇಕು. ಅದನ್ನು ಜಾಸ್ ಕಲಿತದ್ದು ಎನಾಕ್ ಎಂಬ ಹಳೆಯ ಸೀಸದವನ ತರಕಾರಿ ತೋಟದ ಗುಡಿಸಲಿನಲ್ಲಿ, ಗುಜರಿ ತುಂಡುಗಳ ಮೇಲೆ, ಮುದುಕ ಸಾಯುವ ವರ್ಷ. ಒಂದು ನೂರು ಮೂಲೆ ಹರಿದಿರಬೇಕು. ಎನಾಕ್ ಹರಿದದ್ದನ್ನೆಲ್ಲ ಸಾಲಾಗಿ ಮೊಳೆಗೆ ನೇತುಹಾಕಿ, "ನಿನ್ನ ಪ್ರದರ್ಶನ" ಅನ್ನುತ್ತಿದ್ದ.

ಮೊದಲ ಮೂಲೆ ಕೂತಿತು. ಬಡಿತದ ಸದ್ದು ದಪ್ಪಗೆ, ಮೆತ್ತಗೆ ಇತ್ತು, ಹಾಗೆಯೇ ಇರಬೇಕು. ಡೋರೀನ್ ಮಾಂಸದ ಪೈ ತಂದಿಟ್ಟು, "ಕೈ ತೊಳೀದೆ ಮುಟ್ಟಿದ್ರೆ ನೋಡು, ಸೀಸ ವಿಷ" ಅಂದಳು. ಗೋಡೆಯ ಆಚೆಯಿಂದ ನೆವಿಲ್‌ನ ಟೋಪಿ ಕಾಣುತ್ತಿತ್ತು. ಅವನು ಪಾರಿವಾಳ ನೋಡುತ್ತಿರಲಿಲ್ಲ.

ಎರಡನೆಯ ಮೂಲೆ ಅರ್ಧವಾಗಿದ್ದಾಗ ಹಿಂದಿನ ಓಣಿಯಲ್ಲಿ ವ್ಯಾನು ನಿಂತಿತು. ಕ್ರಾಬ್‌ಟ್ರೀ ಕಿಟಕಿಯಿಂದ ಮೊಣಕೈ ಹೊರಗೆ ಹಾಕಿದ.

"ಏನ್ ಮರಿ, ತಪ್ಪಲೆ ಮಾಡ್ತಿದೀಯಾ?"

ಜಾಸ್ ಇನ್ನಷ್ಟು ಜೋರಾಗಿ ಬಡಿದ.

"ಡೋರೀನ್, ಆ ಮೂಲೆ ಹರಿಯುತ್ತೆ. ಹರಿದ ಮೇಲೆ ಫೋನ್ ಮಾಡು. ನನ್ನತ್ರ ಒಂದು ಗೋಂದಿನ ಟ್ಯೂಬು ಇದೆ."

"ನಿನ್ನ ಟ್ಯೂಬು ನನ್ನತ್ರಾನೇ ಇದೆ," ಅಂದ ತಾಹಿರ್, ಎತ್ತಿಟ್ಟಿದ್ದ ಗೋಂದಿನ ಹಾವನ್ನು ಬೆರಳಲ್ಲಿ ತೂಗಾಡಿಸುತ್ತ. "ತಗೊಂಡ್ಹೋಗಿ, ಮನೇಲಿ ಮಕ್ಕಳಿಗೆ ಆಟಕ್ಕಾಗುತ್ತೆ."

ಆಗಲೇ ಸದ್ದು ಬದಲಾಯಿತು. ಕೊಡತಿಯ ಕೆಳಗೆ ಚಿಟ್ ಎಂಬ ಚೂಪು ಸದ್ದು. ಜಾಸ್‌ನ ಕೈ ಗಾಳಿಯಲ್ಲೇ ನಿಂತಿತು. ಮೂಲೆಯ ಬುಡದಲ್ಲಿ ಕೂದಲಿನಂಥ ಬಿಳಿ ಗೆರೆ. ಹರಿಯುವ ಮುಂಚೆ ಸೀಸ ಹೀಗೆ ಬಿಳಿಚಿಕೊಳ್ಳುತ್ತದೆ. ಕೋಪದಲ್ಲಿ ಅವನು ತಳ್ಳುವುದನ್ನು ಬಿಟ್ಟು ಎಳೆದಿದ್ದ.

ಕ್ರಾಬ್‌ಟ್ರೀ ಮೂವತ್ತು ವರ್ಷ ಛಾವಣಿ ಹತ್ತಿದವನು. ಆ ಸದ್ದು ಅವನಿಗೂ ಗೊತ್ತಿತ್ತು. ಅವನು ಎಂಜಿನ್ನು ಆರಿಸಿದ, ನೋಡಿಕೊಂಡೇ ಹೋಗೋಣವೆಂದು.

ಜಾಸ್ ಕೊಡತಿ ಕೆಳಗಿಟ್ಟ. ನಲ್ಲಿಗೆ ಹೋಗಿ ಕೈ ತೊಳೆದ. ಪೈ ತಿಂದ. ಪೂರ್ತಿ ತಿಂದ, ತಟ್ಟೆಯ ಪುಡಿ ಕೂಡ ಬಿಡಲಿಲ್ಲ. ಓಣಿಯಲ್ಲಿ ನಿಂತವನು ನಕ್ಕದ್ದು ಕೇಳಿಸಿತು, ನುಂಗಿಕೊಂಡ. ಹಲ್ಲು ಕಚ್ಚಿದ್ದು ಸಡಿಲವಾಗುವವರೆಗೂ ಅವನು ಆ ಮೂಲೆಯ ಹತ್ತಿರ ಹೋಗಲಿಲ್ಲ.

ಆಮೇಲೆ ಅವನು ಮೂಲೆಯನ್ನು ಮುಟ್ಟಲೇ ಇಲ್ಲ. ದೂರದಿಂದ ಶುರು ಮಾಡಿದ. ಹಾಳೆಯ ತಳದಿಂದ, ಸೀಸ ಧಾರಾಳವಾಗಿದ್ದ ಕಡೆಯಿಂದ, ಸಣ್ಣ ಸಣ್ಣ ಏಟಿನಲ್ಲಿ ಒಂದು ಅಲೆ ಎಬ್ಬಿಸಿ ಆ ಅಲೆಯನ್ನು ಮೂಲೆಯ ಕಡೆಗೆ ಹೊಡೆದುಕೊಂಡು ಹೋದ, ಕುರಿಮಂದೆಯನ್ನು ದೊಡ್ಡಿಗೆ ಹೊಡೆಯುವ ಹಾಗೆ. ಅಲೆ ಬಂತು. ಬುಡಕ್ಕೆ ತಾಗಿತು. ಬಿಳಿ ಗೆರೆ ಬೂದುಬಣ್ಣಕ್ಕೆ ತಿರುಗಿತು, ಮಂಕಾಯಿತು, ದಪ್ಪದೊಳಗೆ ಮುಳುಗಿ ಕಾಣದಾಯಿತು. ಸದ್ದು ಮತ್ತೆ ಮೆತ್ತಗಾಯಿತು. ಅವನು ಹೆಬ್ಬೆರಳಿಂದ ಒಳಗಿನಿಂದಲೂ ಹೊರಗಿನಿಂದಲೂ ಮೂಲೆಯನ್ನು ಹಿಸುಕಿ ನೋಡಿದ. ಎಲ್ಲೂ ತೆಳುವಾಗಿರಲಿಲ್ಲ.

ಗೋಡೆಯಾಚೆಯಿಂದ ನೆವಿಲ್ ಅಂದ, "ಕೂತ್ಕೊಂಡ್ತಾ?"

"ಕೂತ್ಕೊಂಡ್ತು."

ವ್ಯಾನಿನ ಎಂಜಿನ್ನು ಶುರುವಾಯಿತು. "ಶನಿವಾರ ನೋಡೋಣ," ಅಂದ ಕ್ರಾಬ್‌ಟ್ರೀ. ಆದರೆ ಮೊಣಕೈ ಒಳಗೆ ಹೋಗಿತ್ತು.

ಹಾಳೆಯನ್ನು ಮೇಲೆ ಸಾಗಿಸುವಾಗ ತಾಹಿರ್ ಏಣಿಯ ಪ್ರತಿ ಮೆಟ್ಟಿಲಿಗೂ ತನ್ನ ಬೆನ್ನಿನ ಬಗ್ಗೆ, ತಾನು ಓಡಿಸುವ ಟ್ಯಾಕ್ಸಿಯ ಮೆತ್ತನೆ ಸೀಟಿನ ಬಗ್ಗೆ ಹೇಳುತ್ತ ಬಂದ. ಎರಡೂ ಹಳೆ ತುಂಡು ತೆಗೆದರು. ಅಡಿಯ ಕೊಳೆತ ಹಲಗೆ ಬದಲಾಯಿಸಿದರು. ಹೊಸ ಹಾಳೆ ಚಿಮಣಿಯ ಬೆನ್ನಿಗೆ ಅಪ್ಪಿಕೊಂಡು ಕೂತಿತು, ಬಣ್ಣದ ಅರ್ಧ ಬಣ್ಣವಿಲ್ಲದ ಅರ್ಧ ಎನ್ನದೆ. ಅದರ ಅಂಚನ್ನು ಮುಚ್ಚುವ ಪಟ್ಟಿಯನ್ನು ಗಾರೆ ಕೆರೆದ ಸಂದಿಗೆ ತುರುಕಿ ಸೀಸದ ಬೆಣೆ ಬಡಿದರು, ಹೊಸ ಗಾರೆ ಒತ್ತಿದರು, ಮಳೆಗೆ ಹೊಸ ಸೀಸದಿಂದ ಬಿಳಿ ಕಲೆ ಇಳಿಯದಂತೆ ಎಣ್ಣೆ ಉಜ್ಜಿದರು. ಒಂದು ಹನಿ ಗೋಂದು ಎಲ್ಲೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ಗುಡ್ಡ ಕಾಣದಾಯಿತು. ಮೊದಲು ಗಾಳಿ ಬಂತು, ಕಸದ ಡಬ್ಬಿಗಳನ್ನು ಓಣಿಯುದ್ದಕ್ಕೂ ಉರುಳಿಸಿತು. ಹಿಂದೆಯೇ ಮಳೆ, ಒಲೆಗೆ ಕಲ್ಲಿದ್ದಲು ಸುರಿದ ಹಾಗೆ. ಡೋರೀನ್‌ಳ ಹಿಂದಿನ ಕೋಣೆಯಲ್ಲಿ ಜಾಸ್ ಮಂಚವನ್ನು ಆಚೆ ತಳ್ಳಿ ಗೋಡೆಗೆ ಎದುರಾಗಿ ನೆಲದ ಮೇಲೆ ಕೂತ. ಅಂಗೈಯನ್ನು ಗೋಡೆಗೆ ಒತ್ತಿ ಇಟ್ಟುಕೊಂಡಿದ್ದ. ಡೋರೀನ್ ಮೂರು ಸಲ ಚಹಾ ಮಾಡಿದಳು, ಯಾರೂ ಕುಡಿಯಲಿಲ್ಲ.

ಗಾಳಿ ದಿಕ್ಕು ತಿರುಗಿತು. ಮೊದಲೆಲ್ಲ ಹೀಗೆ ತಿರುಗಿದಾಗಲೇ ಗೋಡೆ ಅಳುತ್ತಿದ್ದದ್ದು ಎಂದು ಡೋರೀನ್ ಹೇಳಿದ್ದಳು. ಚಿಮಣಿಯೊಳಗೆ ಗಾಳಿ ಹುಲಿಯ ಹಾಗೆ ಗುರುಗುಟ್ಟಿತು. ಜಾಸ್ ಕಣ್ಣು ಮುಚ್ಚಿದ. ಅಂಗೈಯಡಿ ಗೋಡೆ ತಣ್ಣಗಿತ್ತು. ತಣ್ಣಗೆ, ಒಣಗಿ, ಒರಟಾಗಿ ಇತ್ತು. ಹಾಗೆಯೇ ಉಳಿಯಿತು. ಹೊರಗೆ ನೀರು ಓಣಿಯಲ್ಲಿ ಹೊಳೆಯಾಗಿ ಹರಿಯುವಾಗಲೂ ಹಾಗೆಯೇ ಉಳಿಯಿತು.

ಆಗ ನಡುಗೋಡೆಯ ಆಚೆಯಿಂದ ಯಾರೋ ಬಡಿದರು. ಧಬ್, ಧಬ್, ಧಬ್.

"ಡೋರೀನ್," ನೆವಿಲ್‌ನ ದನಿ ಗೋಡೆಯೊಳಗಿಂದ ಬಂತು. "ನಿನ್ನ ಕಡೆ?"

ಡೋರೀನ್ ಗೋಡೆಯ ಹತ್ತಿರ ಹೋಗಿ ಅದಕ್ಕೆ ಕೆನ್ನೆ ತಾಗಿಸಿದಳು. "ಒಣಗಿದೆ ನೆವಿಲ್. ನಿನ್ನ ಕಡೆ?"

"ಬಿಸ್ಕತ್ತು," ಅಂದ ನೆವಿಲ್. ಈ ಸಲ ನಿಜ ಹೇಳಿದ.

ಮಳೆ ಇಳಿಮುಖವಾದಾಗ ಹಿಂದಿನ ಓಣಿಯಲ್ಲಿ ವ್ಯಾನು ನಿಂತಿತ್ತು. ಕ್ರಾಬ್‌ಟ್ರೀ ಒದ್ದೆ ಗೋಡೆ ನೋಡಲು ಬಂದಿದ್ದ. ಇವತ್ತು ಸಂಜೆ ಪಬ್ಬಿನಲ್ಲಿ ಹೇಳಲು ಅವನಿಗೆ ಒಂದು ಕತೆ ಬೇಕಿತ್ತು. ನೆವಿಲ್ ಮನೆಯ ಹಿಂಬಾಗಿಲು ತೆರೆಯಿತು. ಅವನು ಚಪ್ಪಲಿಯಲ್ಲೇ, ನೀರು ತುಳಿದುಕೊಂಡು, ನೀಲಿ ಬಕೆಟ್ ಹಿಡಿದು ನೇರ ವ್ಯಾನಿನ ಹತ್ತಿರ ಹೋದ. ಬಕೆಟ್ಟನ್ನು ಬೋರಲು ಹಾಕಿ ಅಲ್ಲಾಡಿಸಿ ತೋರಿಸಿದ. ಒಂದು ಹನಿ ಬೀಳಲಿಲ್ಲ. ಕಿಟಕಿಯಿಂದ ಕ್ರಾಬ್‌ಟ್ರೀಯ ತೊಡೆಯ ಮೇಲೆ ಇಟ್ಟ.

"ಇದು ನಿಮ್ಮ ಕಂಪನಿ ಕೆಲಸಕ್ಕೆ ಸೇರಿದ್ದು. ಆರು ವರ್ಷ ನಾನು ಇಟ್ಕೊಂಡಿದ್ದೆ."

ಓಣಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಕ್ರಾಬ್‌ಟ್ರೀ ಬಕೆಟ್ಟನ್ನು ಹೊರಗೆ ಎಸೆಯಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಅದರ ಸಮೇತ ಹೊರಟುಹೋದ.

ಜಾಸ್ ಒದ್ದೆ ಏಣಿ ಹತ್ತಿದ. ಹೊಸ ಸೀಸದ ಮೇಲೆ ಮಳೆ ಮುತ್ತು ಮುತ್ತಾಗಿ ನಿಂತಿತ್ತು. ತೋಳಿನಿಂದ ಒರೆಸಿ, ಎಡ ಬೂಟನ್ನು ನಡುಮಧ್ಯ ಇಟ್ಟ, ಹಳೆ ಬೂಟಿದ್ದ ಜಾಗದಲ್ಲೇ. ಹಿಮ್ಮಡಿ ನೆವಿಲ್ ಕಡೆ, ಮುಂಗಾಲು ಡೋರೀನ್ ಕಡೆ. ಮೊಳೆಯಿಂದ ಸುತ್ತ ಗೀರಿದ, ಒಳಗೆ ಹೆಸರು ಕೊರೆದ, ಬೂಟು ಬರೆದೆನೆಂದು ಕೆಳಗೆ ನಿಂತವರಿಗೆ ಕೂಗಿ ಹೇಳಿದ. ಆ ಹಳೆ ಹಿಮ್ಮಡಿಯ ತುಂಡನ್ನು ಅವನು ಗುಜರಿಗೆ ಹಾಕಿರಲಿಲ್ಲ. ಹೊಸ ಹಾಳೆ ಕೂರಿಸುವ ಮೊದಲು ಅದನ್ನು ಹೊಸ ಹಲಗೆಯಡಿ, ಅಟ್ಟದ ಒಳಗಡೆಗೆ, ತಾಮ್ರದ ಮೊಳೆ ಹೊಡೆದು ಭದ್ರ ಮಾಡಿದ್ದ.

"ಹೆಬ್ಬೆರಳು ಯಾರ ಕಡೆ ಬಂತು?" ನೆವಿಲ್ ಕೆಳಗಿಂದ ಕೇಳಿದ.

ಜಾಸ್ ಮೊಳೆಯಿಂದ ದಿಕ್ಕು ತೋರಿಸಿದ. "ನನ್ನ ಕಡೆ," ಅಂದಳು ಡೋರೀನ್.

"ಹಾಗಾದ್ರೆ ಭಾರ ಎಲ್ಲ ನನ್ನ ಕಡೆ. ಮನುಷ್ಯ ನಿಲ್ಲೋದು ಹಿಮ್ಮಡಿ ಮೇಲೆ."

"ನನ್ನ ಷೂನೂ ಬರಿಯೋ," ತಾಹಿರ್ ಏಣಿಯ ಬುಡದಿಂದ ಕೂಗಿದ. "ಅರ್ಧ ಸೀಸ ಹೊತ್ತವನು ನಾನು."

ಜಾಸ್ ಉತ್ತರ ಕೊಡುವ ಮೊದಲೇ ಓಣಿಯ ಆ ತುದಿಯಿಂದ, ಕೊನೆಯ ಮನೆಯ ಬಾಗಿಲಿನಿಂದ, ಒಬ್ಬ ಹೆಂಗಸು ಕೈಯೆತ್ತಿ ಕರೆದಳು. ಅವಳ ಹೆಸರು ಜಾಸ್‌ಗೆ ಗೊತ್ತಿರಲಿಲ್ಲ.

"ಏಯ್, ಸೀಸದವನೇ. ಅದು ಮುಗಿದ್ಮೇಲೆ ನಮ್ಮ ಚಿಮಣಿ ಹತ್ತಿ ನೋಡ್ತೀಯಾ?"

ಜಾಸ್ ಚಿಮಣಿಗೆ ಕೈಕೊಟ್ಟು ಎದ್ದು ನಿಂತ. ಗುಡ್ಡದ ಬುಡದವರೆಗೂ ಸಾಲು ಸಾಲು ಚಿಮಣಿಗಳು, ಒಂದೊಂದರ ಬೆನ್ನಲ್ಲೂ ಬಳಿದ ಗೋಂದು ಮಳೆಯಲ್ಲಿ ಹೊಳೆಯುತ್ತಿತ್ತು.

"ಬಂದೆ," ಅಂದ.